ಉಗ್ರಪ್ಪನ ಸಮುದ್ರಕ್ಕೆ ಆಚೆ ದಡ

ಮಾರಿಕಣಿವೆಯ ಅಣೆಕಟ್ಟೆ ಮುಗಿದ ಎರಡನೆಯ ವರ್ಷ, ವೈಶಾಖದ ಹುಣ್ಣಿಮೆಯ ಮರುದಿನ, ತಾಳ್ಯದಿಂದ ಒಂದು ಹರಿದಾರಿ ಆಚೆಗಿದ್ದ ಕುರಿಗಾರರ ಹಟ್ಟಿಯಲ್ಲಿ ಉಗ್ರಪ್ಪ ಒಂದೇ ಒಂದು ಸಲ 'ಹೂಂ' ಅಂದ. ಆಮೇಲೆ ಆದದ್ದೆಲ್ಲ ಆ ಹೂಂನಿಂದಲೇ ಆದದ್ದು.

ಹೆಸರು ಉಗ್ರಪ್ಪ ಅಂತಿದ್ದರೂ ಆಸಾಮಿ ಬಲು ಸಾಧು. ದಾರಿಯಲ್ಲಿ ಕುರಿಮರಿ ಅಡ್ಡ ಮಲಗಿದ್ದರೆ ಅದನ್ನು ಎಬ್ಬಿಸದೆ ತಾನೇ ಬೇಲಿ ಬಳಸಿ ಹೋಗುವವನು. ಎರಡು ಮಾತು ಆಡಬೇಕಾದ ಕಡೆ ಒಂದು ಆಡುತ್ತಿದ್ದ, ಆ ಒಂದನ್ನೂ ಅರ್ಧಕ್ಕೆ ಬಿಡುತ್ತಿದ್ದ. ಕಣ್ಣು ಸ್ವಲ್ಪ ಮಂಜು. ಹತ್ತು ಮಾರು ಆಚೆ ನಿಂತದ್ದು ಎಮ್ಮೆಯೋ ಪಟೇಲರೋ ಅಂತ ತಿಳಿಯಬೇಕಾದರೆ ಅದು ಬಾಯಿ ಬಿಡುವ ತನಕ ಕಾಯಬೇಕಿತ್ತು. ಆದರೆ ಅವನ ಕಿವಿಯ ಮುಂದೆ ಹಟ್ಟಿಯೇ ತಲೆ ಬಾಗುತ್ತಿತ್ತು. ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡುವಾಗ ಉಗ್ರಪ್ಪ ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುವನು. ಗೊರಸಿನ ಸದ್ದು ಕೇಳಿಯೇ ಇಷ್ಟು ಬಂದವು, ಒಂದು ಕುಂಟುತ್ತಿದೆ, ಒಂದು ಬರಲಿಲ್ಲ ಅನ್ನುವನು. ಹುಡುಕಿಕೊಂಡು ಹೋದರೆ ಆ ಒಂದು ಯಾವುದೋ ಜಾಲಿ ಮರದ ಕೆಳಗೆ ಇದ್ದೇ ಇರುತ್ತಿತ್ತು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಮರೆತರು.

ಆ ವರ್ಷ ಅವನು ಧರ್ಮಪುರದ ಗಾಡಿಯವರ ಜೊತೆ ಕಂಬಳಿ ಹೇರಿಕೊಂಡು ಕುಂದಾಪುರದ ಕಡೆ ಹೋಗಿದ್ದ. ಅಲ್ಲಿಯವರಿಗೆ ಮಳೆಗಾಲ ಅಂದರೆ ನಾಲ್ಕು ತಿಂಗಳು ಕಂಬಳಿಯೊಳಗೇ ವಾಸ, ಚೈತ್ರದಲ್ಲಿ ಹೋದರೆ ಕೈಯಿಂದ ಕಿತ್ತುಕೊಂಡು ಹೋಗುತ್ತಾರೆ ಅಂತ ಗಾಡಿಯವರು ಆಸೆ ಹುಟ್ಟಿಸಿದ್ದರು. ಉಗ್ರಪ್ಪನೂ ಅವನ ಹೆಂಡತಿ ಯಲ್ಲಕ್ಕನೂ ಎರಡು ವರ್ಷ ನೂತು ನೇಯ್ದ ಅರವತ್ತು ಕಂಬಳಿ ಗಾಡಿಯಲ್ಲಿ ಹೋದವು. ಅರವತ್ತೂ ವಾಪಸು ಬಂದವು.

ಯಲ್ಲಕ್ಕ ಗಾಡಿಯಿಂದ ಇಳಿದ ಮೂಟೆಗಳನ್ನು ನೋಡಿದಳು, ಗಂಡನ ಮುಖ ನೋಡಿದಳು, ಒಳಗೆ ಹೋಗಿ ಕದ ಹಾಕಿಕೊಂಡಳು. ಅಂಗಳದಲ್ಲಿ ಉಳಿದವಳು ಉಗ್ರಪ್ಪನ ಅಕ್ಕ ಓಬಮ್ಮ. ಕೇಳಿದ ಮಾತನ್ನು ಬೇಲಿಯ ಮೇಲೆ ಸೀರೆ ಹರವಿದ ಹಾಗೆ ಹಟ್ಟಿಗೆಲ್ಲ ಹರವುವವಳು. ಆದರೂ ತಮ್ಮನ ಬಾಡಿದ ಮುಖ ಕಂಡು ಅವಳಿಗೆ ಪಾಪ ಅನ್ನಿಸಿತು. ಹೋಗಲಿ, ಒಂದು ಒಳ್ಳೆಯ ಮಾತಾದರೂ ಕೇಳೋಣ ಅಂತ, "ಸಮುದ್ರನಾರ ನೋಡ್ದೇನಪ್ಪ?" ಅಂದಳು.

ಉಗ್ರಪ್ಪ "ಹೂಂ" ಅಂದ.

ನಿಜ ಏನೆಂದರೆ ಅವನು ಸಮುದ್ರ ನೋಡಿರಲೇ ಇಲ್ಲ. ಹುಲಿಕಲ್ಲು ಘಾಟಿ ಇಳಿದು ಊರು ಮುಟ್ಟಿದ ದಿನ, ಮುದ್ದೆ ಸಿಕ್ಕದೆ ಹಸಿದಿದ್ದ ಹೊಟ್ಟೆಗೆ ಒಂದರ ಹಿಂದೊಂದು ಏಳು ಎಳನೀರು ಕುಡಿದಿದ್ದ. ಏಳನೆಯದು ಒಳಗೆ ಹೋಗಿ ಮೊದಲಿನ ಆರನ್ನೂ ಎಬ್ಬಿಸಿತು. ಅಲ್ಲಿಂದ ಹನ್ನೊಂದು ದಿನ ಅವನಿಗೆ ಲೋಕ ಅಂದರೆ ಛತ್ರದ ಜಗಲಿ ಮತ್ತು ಛತ್ರದ ಹಿತ್ತಲು. ಸಮುದ್ರಕ್ಕೂ ಜಗಲಿಗೂ ನಡುವೆ ಒಂದು ತೆಂಗಿನ ತೋಪು, ಒಂದು ಮರಳು ದಿಬ್ಬ, ಅಷ್ಟೆ. ನಾಳೆ ನೋಡೋಣ, ನಾಳೆ ನೋಡೋಣ ಅಂತ ಮಲಗಿದ್ದವನನ್ನು ಹನ್ನೆರಡನೆಯ ದಿನ ಗಾಡಿಯವರು ಕಂಬಳಿ ಮೂಟೆಯ ಮೇಲೆ ಇನ್ನೊಂದು ಮೂಟೆಯ ಹಾಗೆ ಹೇರಿಕೊಂಡು ಹೊರಟರು. ಅವನ ಕಂಬಳಿ ಮಾರಿಕೊಡುವಷ್ಟು ಪುರಸತ್ತು ಅವರಿಗಿರಲಿಲ್ಲ. ಅವರ ಮೆಣಸಿನಕಾಯಿ ಮಾರುವುದೇ ಅವರಿಗೆ ಸಾಕಾಗಿತ್ತು.

ಮಲಗಿದ್ದವನಿಗೆ ಇದ್ದ ಕೆಲಸ ಒಂದೇ, ಕೇಳುವುದು. ದಿಬ್ಬದ ಆಚೆ ಧೊಪ್ಪಂತ ಒಂದು ಅಲೆ ಬೀಳುವುದು. ಮುಂದಿನದು ಬೀಳುವ ತನಕ ಇವನು ರೊಪ್ಪದ ಬಾಗಿಲಲ್ಲಿ ಎಣಿಸುವ ಹಾಗೆ ಎಣಿಸುವನು. ಮೊದಲ ದಿನಗಳಲ್ಲಿ ಏಳು ಎಣಿಸುವಷ್ಟರಲ್ಲಿ ಇನ್ನೊಂದು ಬೀಳುತ್ತಿತ್ತು. ಆಮೇಲೆ ಅದು ಹತ್ತಾಯಿತು. ಕೊನೆಗೆ ಹದಿನಾಲ್ಕು. ಗಾಳಿಯಿಲ್ಲ, ತೆಂಗಿನ ಗರಿ ಅಲುಗುತ್ತಿಲ್ಲ, ಬಿಸಿಲು ಕಾದ ಹಂಚಿನ ಹಾಗಿದೆ. ಆದರೂ ಅಲೆ ಎಲ್ಲಿಂದಲೋ ನಿಧಾನಕ್ಕೆ ಎದ್ದು ಬಂದು ಬಿದ್ದರೆ ಜಗಲಿಯ ಕಲ್ಲು ಅದುರುತ್ತಿತ್ತು. ಗಂಜಿ ತಂದುಕೊಡುತ್ತಿದ್ದ ಮೀನುಗಾರರ ಮುದುಕಿಯನ್ನು ಕೇಳಿದ. ದೋಣಿಗಳನ್ನೆಲ್ಲ ಆಗಲೇ ಮೇಲಕ್ಕೆಳೆದು ಮರಕ್ಕೆ ಕಟ್ಟಿದ್ದಾರೆ ಅಂದಳು. ದೂರದಲ್ಲೆಲ್ಲೋ ಮಳೆ ಹುಟ್ಟಿದೆ, ಅದು ಅಟ್ಟಿದ ಅಲೆಗಳು ಇವು, ಅದಕ್ಕೇ ಬಿಡುವು ಕೊಟ್ಟು ಕೊಟ್ಟು ಬೀಳುತ್ತಿವೆ. ಈ ವರ್ಷ ಅಮಾವಾಸ್ಯೆಯೊಳಗೆ ಹಿಡಿದ ಮಳೆ ಬರುತ್ತದೆ, ಬೇಗ ಊರು ಸೇರಿಕೋ ಮಗಾ ಅಂದಿದ್ದಳು.

ಇದನ್ನೇ ಅಕ್ಕನಿಗೆ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅರವತ್ತು ಕಂಬಳಿಯನ್ನು ಹೊತ್ತುಕೊಂಡು ಹೋದ ಹಾಗೇ ಹೊತ್ತುಕೊಂಡು ಬಂದವನು, ಸಮುದ್ರದ ಬಾಗಿಲ ತನಕ ಹೋಗಿ ಸಮುದ್ರವನ್ನೂ ನೋಡದೆ ಬಂದೆ ಅಂತ ಯಾವ ಬಾಯಲ್ಲಿ ಹೇಳಿಯಾನು.

ಓಬಮ್ಮನ ಕೃಪೆಯಿಂದ ಸಂಜೆಯ ಹೊತ್ತಿಗೆ ಬೇವಿನ ಮರದ ಕಟ್ಟೆಯ ಮೇಲೆ ಹಟ್ಟಿಯೇ ಸೇರಿತು. ಆ ಜನ ಕಂಡಿದ್ದ ಅತಿ ದೊಡ್ಡ ನೀರೆಂದರೆ ಮಾರಿಕಣಿವೆಯದು. ಉಗ್ರಪ್ಪ ಕಂಡಿದ್ದೂ ಅದನ್ನೇ. ಹೀಗಾಗಿ ಅವನು ಮನಸ್ಸಿನಲ್ಲಿ ಮಾರಿಕಣಿವೆಯನ್ನು ಇಟ್ಟುಕೊಂಡು, ಅದನ್ನು ನಾಲ್ಕು ಕಡೆ ಹಿಗ್ಗಿಸಿ, ಅದರೊಳಗೆ ಧೊಪ್ ಧೊಪ್ ಸದ್ದು ತುಂಬಿ ಜನಕ್ಕೆ ಕೊಟ್ಟ. ಹಟ್ಟಿಯ ಯಜಮಾನ ಕಾಟಯ್ಯ ತಿಳಿದವನು. ಸಮುದ್ರಕ್ಕೆ ತೂಬು ಯಾವ ಕಡೆ ಇದೆ ಅಂತ ಕೇಳಿದ. ಉಗ್ರಪ್ಪ ಸ್ವಲ್ಪ ಯೋಚನೆ ಮಾಡಿ ಬಲಗಡೆ ಅಂದ. ತೂಬು ಇದ್ದ ಮೇಲೆ ನೀರುಗಂಟಿ ಇರಲೇಬೇಕು. ಅಷ್ಟು ದೊಡ್ಡ ನೀರು ಕಾಯುವ ನೀರುಗಂಟಿಗೆ ಸರ್ಕಾರದವರು ಎಷ್ಟು ಹೊಲ ಮಾನ್ಯ ಬಿಟ್ಟಿದ್ದಾರೆ ಅನ್ನುವ ಬಗ್ಗೆ ದೀಪ ಹಚ್ಚುವ ತನಕ ವಾದ ನಡೆಯಿತು. ಉಗ್ರಪ್ಪ ಅದರಲ್ಲಿ ಬಾಯಿ ಹಾಕಲಿಲ್ಲ. ಅವನ ಮೇಲೆ ಜನಕ್ಕೆ ಗೌರವ ಇನ್ನೂ ಹೆಚ್ಚಿತು.

ನಾಲ್ಕು ದಿನ ಅವನು ದೊಡ್ಡ ಮನುಷ್ಯನಾಗಿದ್ದ. ಪಕ್ಕದ ಹಟ್ಟಿಗಳಿಂದ ಸಮುದ್ರ ನೋಡಿದವನನ್ನು ನೋಡಲು ಬಂದರು. ಸಮುದ್ರ ನೋಡಿದವನ ಹೆಂಡತಿ ಇವಳೇ ಅಂತ ಹೆಂಗಸರು ಬೆರಳು ತೋರಿಸಿದ ಮೇಲೆ ಯಲ್ಲಕ್ಕನ ಸಿಟ್ಟೂ ಅರ್ಧ ಇಳಿಯಿತು.

ಐದನೆಯ ದಿನ ಕಟ್ಟೆಯ ಮೇಲೆ ಕಾಟಯ್ಯ ಉಣ್ಣೆ ಕತ್ತರಿಸುವ ಮಾತು ತೆಗೆದ. ಪ್ರತಿ ವರ್ಷವೂ ರೋಹಿಣಿ ಮಳೆಗೆ ಮುಂಚೆ ಕುರಿಗಳ ಮೈ ತೊಳೆದು ಉಣ್ಣೆ ಕತ್ತರಿಸುವುದು, ಆಮೇಲೆ ಒಂದು ತಿಂಗಳು ಬಿಸಿಲಲ್ಲಿ ಬಿಟ್ಟು, ಹಿಡಿದ ಮಳೆ ಬರುವಷ್ಟರಲ್ಲಿ ಮೈಮೇಲೆ ಬೆರಳುದ್ದ ಉಣ್ಣೆ ಬರುವ ಹಾಗೆ ನೋಡಿಕೊಳ್ಳುವುದು ಅವರ ರೂಢಿ. ಹೊಸದುರ್ಗದ ಉಣ್ಣೆ ಸಾವುಕಾರ ಮರುಳಸಿದ್ದಪ್ಪ ಸೋಮವಾರ ಕತ್ತರಿ ಆಳುಗಳನ್ನು ಕರೆದುಕೊಂಡು ಬರುತ್ತಾನೆ, ಎಲ್ಲರೂ ತಯಾರಾಗಿರಿ ಅಂತ ಕಾಟಯ್ಯ ಹೇಳಿ ಮುಗಿಸಿದ. ಆಗ ಉಗ್ರಪ್ಪ, ಜೀವಮಾನದಲ್ಲಿ ಮೊದಲ ಸಲ, ಯಾರೂ ಕೇಳದೆ ಇದ್ದಾಗ ಮಾತಾಡಿದ.

"ಈ ಸಲ ಕತ್ತರಿ ಬ್ಯಾಡ ಕಾಟಣ್ಣ. ಅಮಾಸಿ ಒಳಗೆ ಹಿಡಿದ ಮಳೆ ಐತೆ. ಬೋಳು ಮೈ ಮೇಲೆ ಥಂಡಿ ಮಳೆ ಬಿದ್ರೆ ಕುರಿ ಉಳಿಯಲ್ಲ."

ಯಾರು ಹೇಳಿದರು ಅಂದರು. ಸಮುದ್ರ ಅಂದ. ಅಲೆ ಬಿಡುವು ಕೊಟ್ಟು ಬೀಳುವುದು, ಏಳು ಹದಿನಾಲ್ಕಾದದ್ದು, ದೋಣಿ ಮೇಲಕ್ಕೆಳೆದದ್ದು ಎಲ್ಲವನ್ನೂ ಬಿಡಿಸಿ ಹೇಳಿದ. ಅವನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ಕಂಡು ಓಬಮ್ಮ ತಮ್ಮನಿಗೆ ದೃಷ್ಟಿ ತೆಗೆಯಬೇಕೆಂದುಕೊಂಡಳು. ಕಾಟಯ್ಯನಿಗೆ ಮಾತ್ರ ಮೈ ಉರಿಯಿತು. ತನ್ನ ತಾತ ಕತ್ತರಿಸಿದ, ಅಪ್ಪ ಕತ್ತರಿಸಿದ, ಅವರು ಯಾರೂ ಸಮುದ್ರದ ಅಪ್ಪಣೆ ಕೇಳಿಕೊಂಡು ಬಂದಿರಲಿಲ್ಲ ಅಂದ. ಜನ ಎರಡು ಪಾಲಾದರು. ಹಟ್ಟಿಯಲ್ಲಿದ್ದದ್ದು ಒಟ್ಟು ಮುನ್ನೂರು ಚಿಲ್ಲರೆ ಕುರಿ. ಕತ್ತರಿಸಿ ಮಳೆ ಬಂದರೆ ಕುರಿ ಹೋಗುತ್ತದೆ, ಕತ್ತರಿಸದಿದ್ದರೆ ಸಾವುಕಾರ ಹೋಗುತ್ತಾನೆ. ಯಾರ ಮಾತು ನಂಬುವುದು.

ಇದನ್ನು ತೀರ್ಮಾನ ಮಾಡಲು ಸರ್ಕಾರವೇ ಬಂತು. ಕೆರೆ ಏರಿ ನೋಡಲು ಬಂದಿದ್ದ ಶೇಕದಾರರ ಮುಂದೆ ಕಾಟಯ್ಯ ಮೊಕದ್ದಮೆ ಇಟ್ಟ. ಶೇಕದಾರರು ಚಿಕ್ಕಂದಿನಲ್ಲಿ ಒಂದು ವರ್ಷ ಮಂಗಳೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದವರು. ಸಮುದ್ರದ ವಿಷಯಕ್ಕೆ ಹೋಬಳಿಯಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಅಂತ ಅವರಿಗೂ ನಂಬಿಕೆಯಿತ್ತು. ಕಟ್ಟೆಯ ಮೇಲೆ ಜಮಖಾನ ಹಾಸಿಸಿ, ಎಲೆ ಅಡಿಕೆ ಹಾಕಿಕೊಂಡು, ಉಗ್ರಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡರು.

"ಸಮುದ್ರದ ಆಚೆ ದಡ ನೋಡಿದೆಯೇನಯ್ಯ?"

ಉಗ್ರಪ್ಪ ಮನಸ್ಸಿನಲ್ಲಿ ಮಾರಿಕಣಿವೆಯ ಕಟ್ಟೆಯ ಮೇಲೆ ಹೋಗಿ ನಿಂತ. "ಸ್ವಲ್ಪ ಮಂಜಿತ್ತು ಸ್ವಾಮಿ. ಗುಡ್ಡ ಕಾಣ್ತು" ಅಂದ.

ಶೇಕದಾರರು ನಕ್ಕ ರಭಸಕ್ಕೆ ಅವರ ರುಮಾಲು ಜಾರಿ ಕಿವಿಗೆ ಬಂತು. ಅವರು ನಕ್ಕರೆಂದು ಜವಾನ ನಕ್ಕ. ಜವಾನ ನಕ್ಕನೆಂದು, ಅಲ್ಲಿಯ ತನಕ ಸಮುದ್ರಕ್ಕೆ ಆಚೆ ದಡ ಇದೆಯೆಂದೇ ನಂಬಿದ್ದ ಹಟ್ಟಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ತೂಬು ಕೇಳಿದ್ದ ಕಾಟಯ್ಯ. ಮನೆಗೆ ಹೋದ ಮೇಲೆ, ಆಚೆ ದಡ ಇಲ್ಲದೆ ಹೋದರೆ ಆ ನೀರು ನಿಂತಿರುವುದಾದರೂ ಹೇಗೆ ಅಂತ ಅವನು ಹೆಂಡತಿಯನ್ನು ಗುಟ್ಟಾಗಿ ಕೇಳಿದನಂತೆ.

ಆ ಹೊತ್ತಿನಿಂದ ಅವನು ಆಚೆದಡದ ಉಗ್ರಪ್ಪನಾದ. ಬಾವಿಯ ಹತ್ತಿರ ಹೋದರೆ ಆಚೆ ದಡ ಕಾಣುತ್ತದೆಯೇ ಅಂತ ಕೇಳಿದರು. ಮಜ್ಜಿಗೆ ಲೋಟ ಕೈಗೆ ಕೊಟ್ಟು ಅದನ್ನೇ ಕೇಳಿದರು. ಕತ್ತರಿ ಸೋಮವಾರವೇ ಅಂತ ಶೇಕದಾರರ ಬಾಯಿಂದಲೇ ಇತ್ಯರ್ಥವಾಯಿತು.

ಸೋಮವಾರ ಮರುಳಸಿದ್ದಪ್ಪ ಬಂದ. ದಪ್ಪ ಹೊಟ್ಟೆ, ಹಣೆ ತುಂಬ ವಿಭೂತಿ, ಮಾತಿಗೊಮ್ಮೆ ಗಂಟಲು ಸರಿ ಮಾಡಿಕೊಳ್ಳುವ ಅಭ್ಯಾಸ. ಜೊತೆಗೆ ಆರು ಕತ್ತರಿ ಆಳುಗಳು. ಉಣ್ಣೆ ಸಾಗಿಸಲು ಅವನು ಬಾಡಿಗೆಗೆ ಹಿಡಿದ ಗಾಡಿಯವನು ಧರ್ಮಪುರದ ಚಿಕ್ಕತಿಮ್ಮಪ್ಪ. ಉಗ್ರಪ್ಪನನ್ನು ಕುಂದಾಪುರಕ್ಕೆ ಕರೆದುಕೊಂಡು ಹೋಗಿದ್ದವನೂ ಅವನೇ. ಒಳ್ಳೆಯವನು, ಯಾರಿಗೂ ಕೇಡು ಬಯಸಿದವನಲ್ಲ. ಗಾಡಿಯಿಂದ ಇಳಿದವನೇ ಹಟ್ಟಿಗೆಲ್ಲ ಕೇಳುವ ಹಾಗೆ ಅಕ್ಕರೆಯಿಂದ ವಿಚಾರಿಸಿದ.

"ಏನಪ್ಪ ಉಗ್ರಪ್ಪ, ಹೊಟ್ಟೆ ಈಗ ಹೆಂಗೈತೆ? ಹನ್ನೊಂದು ದಿನ ಜಗಲಿ ಬಿಟ್ಟು ಏಳಲಿಲ್ಲ, ಸಮುದ್ರಾನೂ ನೋಡಲಿಲ್ಲ ಪಾಪ."

ಕತ್ತರಿಗೆ ಸಾಣೆ ಹಿಡಿಯುತ್ತಿದ್ದವನ ಕೈ ನಿಂತಿತು. ಮರುಳಸಿದ್ದಪ್ಪ ಗಂಟಲು ಸರಿ ಮಾಡಿಕೊಂಡು, ನೋಡದೇ ಇರುವ ಸಮುದ್ರದ ಮಾತು ಕಟ್ಟಿಕೊಂಡು ತನ್ನ ವ್ಯಾಪಾರ ಕೆಡಿಸಲು ನೋಡಿದ ಮಹಾನುಭಾವ ಇವನೇನೋ ಅಂದ. ಎಲ್ಲರೂ ಉಗ್ರಪ್ಪ ತಲೆ ತಗ್ಗಿಸುತ್ತಾನೆ ಅಂತ ಕಾದರು. ಅವನು ತಗ್ಗಿಸಲಿಲ್ಲ.

"ನೋಡ್ಲಿಲ್ಲ. ನೋಡ್ದೆ ಅಂದಿದ್ದು ಸುಳ್ಳು, ತಪ್ಪಾತು. ಆಚೆ ದಡ ಐತೋ ಇಲ್ವೋ ನಂಗೆ ಗೊತ್ತಿಲ್ಲ. ಆದ್ರೆ ಹನ್ನೊಂದು ದಿನ ಕೇಳೀನಿ. ಇಪ್ಪತ್ತು ವರ್ಷದಿಂದ ರೊಪ್ಪದ ಬಾಗ್ಲಲ್ಲಿ ಕುಂತು ಎಣಿಸ್ತಾ ಇದೀನಿ. ಯಾವತ್ತಾರ ಒಂದು ಕುರಿ ಲೆಕ್ಕ ತಪ್ಪೈತಾ ಕಾಟಣ್ಣ, ನೀನೇ ಹೇಳು."

ಕಾಟಯ್ಯ ನೆಲ ನೋಡಿದ. ಲೆಕ್ಕ ತಪ್ಪಿರಲಿಲ್ಲ ನಿಜ. ಆದರೆ ಶೇಕದಾರರು ನಕ್ಕ ಮೇಲೆ ನಿಜವನ್ನು ಒಪ್ಪಿಕೊಳ್ಳುವುದು ಹೇಗೆ. ಸಾವುಕಾರ ಕೊನೆಯ ಮಾತು ಹೇಳಿದ. ಇವತ್ತು ಉಣ್ಣೆ ಕೊಡದೆ ಹೋದರೆ ಇನ್ನು ಯಾವತ್ತೂ ಉಗ್ರಪ್ಪನ ರೊಪ್ಪದ ಕಡೆ ತನ್ನ ಗಾಡಿ ತಿರುಗುವುದಿಲ್ಲ. ಉಗ್ರಪ್ಪ ಹೋಗಿ ತನ್ನ ರೊಪ್ಪದ ಬಾಗಿಲಿಗೆ ಅಡ್ಡ ಕೂತ.

"ತಿರುಗದಿದ್ರೆ ಬ್ಯಾಡ್ರಿ. ನನ್ ಕುರಿಗೆ ಕತ್ತರಿ ಹಾಕೋನು ಮೊದ್ಲು ನನ್ ತಲೆಗೆ ಹಾಕ್ಲಿ."

ಕತ್ತರಿ ಆಳುಗಳಲ್ಲಿ ಒಬ್ಬ, ಹೇಳಿದ ಕೆಲಸ ಮಾಡಿ ಅಭ್ಯಾಸವಿದ್ದವನು, ನಿಜವಾಗಿಯೂ ಅವನ ತಲೆಯ ಕಡೆ ನೋಡುತ್ತ ಎರಡು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಯಲ್ಲಕ್ಕ ಒಳಗಿನಿಂದ ಬಂದು ಗಂಡನ ಪಕ್ಕ ಕೂತಳು. ಕೈಯಲ್ಲಿ ಒನಕೆಯಿತ್ತು. ಅದನ್ನು ಯಾಕೆ ತಂದಳೆಂದು ಯಾರೂ ಕೇಳಲಿಲ್ಲ, ಆಳು ಹಿಂದಕ್ಕೆ ಹೋದ. ಇಂಥ ಸುಳ್ಳುಗಾರನ ಮಾತು ನಂಬುತ್ತೀಯೇನೇ ಅಂತ ಓಬಮ್ಮ ಅಳುಮುಖ ಮಾಡಿ ಕೇಳಿದಳು.

"ಇವರಿಗೆ ಸುಳ್ಳು ಹೇಳಾಕೆ ಬರಲ್ಲಕ್ಕ" ಅಂದಳು ಯಲ್ಲಕ್ಕ. "ಒಂದು ಹೇಳಿದ್ರು, ಹೆಂಗಾತು ನೋಡ್ದೆಲ್ಲ."

ಸಂಜೆಯೊಳಗೆ ಹಟ್ಟಿಯ ಕುರಿಗಳೆಲ್ಲ ಬೋಳಾದವು, ಉಗ್ರಪ್ಪನ ಅರವತ್ತು ಬಿಟ್ಟು. ಆಮೇಲಿನ ದಿನಗಳ ಬಿಸಿಲಂತೂ ಕೇಳಬೇಡಿ. ಬೋಳು ಕುರಿಗಳು ಹಗುರಾಗಿ ಕುಣಿದಾಡಿಕೊಂಡು ಮೇಯುತ್ತಿದ್ದರೆ, ಉಗ್ರಪ್ಪನ ಕುರಿಗಳು ಮೈತುಂಬ ಉಣ್ಣೆ ಹೊತ್ತುಕೊಂಡು ಯಾವ ನೆರಳು ಸಿಕ್ಕಿದರೆ ಅಲ್ಲಿ ನಾಲಿಗೆ ಹೊರಹಾಕಿ ನಿಲ್ಲುತ್ತಿದ್ದವು. ಅವು ತಮ್ಮ ಯಜಮಾನನನ್ನು ನೋಡುತ್ತಿದ್ದ ರೀತಿಯಲ್ಲೇ ಅವುಗಳ ಅಭಿಪ್ರಾಯವೂ ಕಾಟಯ್ಯನ ಕಡೆಗೇ ಇದೆಯೆಂದು ತಿಳಿಯುತ್ತಿತ್ತು. ದಿನಕ್ಕೊಂದು ಮೋಡವೂ ಇಲ್ಲ. ಉಗ್ರಪ್ಪ ಮೆತ್ತಗಾಗಲಿಲ್ಲ. ಬೆಳಿಗ್ಗೆ ಎದ್ದವನೇ ಪಡುವಣಕ್ಕೆ ಕಿವಿ ಕೊಟ್ಟು ನಿಲ್ಲುವನು, ಆಮೇಲೆ ಮಗ್ಗದ ಗುಂಡಿಗೆ ಇಳಿಯುವನು.

ಅಮಾವಾಸ್ಯೆ ಬಂತು. ಆಕಾಶ ತೊಳೆದಿಟ್ಟ ಗಂಗಾಳದ ಹಾಗೆ ಫಳಫಳ ಅನ್ನುತ್ತಿತ್ತು. ನಡುಮಧ್ಯಾಹ್ನ, ಕಲ್ಲು ಕೂಡ ಬೆವರುವ ಹೊತ್ತಿನಲ್ಲಿ, ಹಟ್ಟಿಯ ಗಂಡಸರೆಲ್ಲ ಮಳೆಗೆ ಹಾಕುವ ಹಾಗೆ ತಲೆ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಸಾಲಾಗಿ ಉಗ್ರಪ್ಪನ ಅಂಗಳಕ್ಕೆ ಬಂದು ನಿಂತರು. ಮುಂದೆ ಕಾಟಯ್ಯ. ಗಡ್ಡದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಮಳೆ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ನೆನೆಯಬಾರದಲ್ಲ, ಕೇಳಿಕೊಂಡು ಹೋಗಾಣ ಅಂತ ಬಂದೆವು ಅಂದ.

ಉಗ್ರಪ್ಪ ಮಗ್ಗದಿಂದ ತಲೆ ಎತ್ತಿದ. "ಕುಂತ್ಕಳ್ರಿ. ಬರ್ತದೆ. ಕೊಪ್ಪೆ ಮಾತ್ರ ತೆಗೀಬ್ಯಾಡ್ರಿ."

ಬಂದವರು ಕೂತರು. ಗೇಲಿ ಮಾಡಲು ಬಂದವರು ಮೊದಲು ಏಳುವುದು ಹೇಗೆ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಂಬಳಿಯೊಳಗೆ ಬೇಯುತ್ತ ಬಿಸಿಲು ಇಳಿಯುವ ತನಕ ಕೂತೇ ಇದ್ದರು. ಇಬ್ಬರಿಗೆ ತಲೆಸುತ್ತು ಬಂತು. ಮಳೆ ಬರಲಿಲ್ಲ.

ಮಾರನೆಯ ದಿನ ಹೊತ್ತು ನೆತ್ತಿಗೆ ಬರುವ ಮುಂಚೆ ಪಡುವಣದಿಂದ ಒಂದು ಗಾಳಿ ಬೀಸಿತು. ಅದರಲ್ಲಿ ಧೂಳಿರಲಿಲ್ಲ, ಥಂಡಿಯಿತ್ತು. ಹಿಂದೆಯೇ ಮೋಡ, ಮೋಡದ ಹಿಂದೆಯೇ ಮಳೆ. ಗುಡುಗಿಲ್ಲ, ಸಿಡಿಲಿಲ್ಲ, ಬಂದು ಹೋಗುವ ಆತುರವೂ ಇಲ್ಲ. ನೆಂಟರ ಮನೆಗೆ ಬಂದು ಕಾಲು ತೊಳೆದು ಕೂತವರ ಹಾಗೆ ಕೂತು ಸುರಿಯಿತು. ಬೋಳು ಕುರಿಗಳು ಒಂದರೊಳಗೊಂದು ತಲೆ ತೂರಿಸಿ ನಡುಗತೊಡಗಿದವು. ಮರಿಗಳು ಕಾಲು ಮಡಿಸಿ ಬಿದ್ದವು.

ಕಾಟಯ್ಯ ನೆನೆಯುತ್ತ ಬಂದು ಉಗ್ರಪ್ಪನ ಬಾಗಿಲಲ್ಲಿ ನಿಂತ. ಏನು ಕೇಳಬೇಕೆಂದು ಗೊತ್ತಿತ್ತು, ಹೇಗೆ ಕೇಳಬೇಕೆಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ಒಳಗೆ ಯಲ್ಲಕ್ಕ ಮೂಟೆಗಳ ಗಂಟು ಬಿಚ್ಚಿಯಾಗಿತ್ತು. ಕುಂದಾಪುರ ಕಂಡು ಬಂದ ಅರವತ್ತು ಕಂಬಳಿಗಳೂ ಹೊರಗೆ ಬಂದವು. ಹೆಂಗಸರು ಹಗ್ಗ ತಂದರು. ಮೂರು ಮರಿಗೆ ಒಂದು, ಎರಡು ಕುರಿಗೆ ಒಂದು ಅಂತ ಒತ್ತಾಗಿ ನಿಲ್ಲಿಸಿ ಹೊದಿಸಿ ಹೊಟ್ಟೆಯ ಕೆಳಗೆ ಗಂಟು ಹಾಕಿದರು. ಕಂಬಳಿ ಸಾಲದ್ದಕ್ಕೆ ಉಗ್ರಪ್ಪ ತನ್ನ ಉಣ್ಣೆ ಕುರಿಗಳನ್ನು ಹಟ್ಟಿಯ ದೊಡ್ಡ ರೊಪ್ಪಕ್ಕೆ ಹೊಡೆದುಕೊಂಡು ಹೋಗಿ, ಆ ಪಕ್ಕ ಎರಡು ಬೋಳು, ಈ ಪಕ್ಕ ಎರಡು ಬೋಳು, ನಡುವೆ ಒಂದು ಉಣ್ಣೆಯದು ಅಂತ ಕಾವು ಕೊಡಿಸಿದ. ಹಿಂದಿನ ವರ್ಷಗಳಲ್ಲಿ ಬಿಚ್ಚಿಕೊಟ್ಟ ಉಣ್ಣೆಯನ್ನು ಈ ವರ್ಷ ಕುರಿಗಳು ತಾವೇ ಹೊದ್ದುಕೊಂಡು ಗಂಭೀರವಾಗಿ ಮೆಲುಕು ಹಾಕಿದವು. ಕಾಟಯ್ಯನ ಟಗರು ಮಾತ್ರ ಕೊಪ್ಪೆ ಹಾಕಿಸಿಕೊಳ್ಳಲು ಒಪ್ಪದೆ ಮೂವರನ್ನು ಗುದ್ದಿತು. ಎರಡು ದಿನದ ಮಳೆಯಲ್ಲಿ ಸತ್ತದ್ದು ಒಂದೇ ಒಂದು ಮುದಿ ಆಡು. ಅದು ಮಳೆ ಬರದಿದ್ದರೂ ಸಾಯುವುದರಲ್ಲಿತ್ತು. ರೈತರಿಗೆ ಮಳೆಯ ಮುನ್ಸೂಚನೆಯನ್ನು ಸಕಾಲದಲ್ಲಿ ಕೊಡಲಾಗಿತ್ತೆಂದು ಶೇಕದಾರರು ಮೇಲಿನವರಿಗೆ ವರದಿ ಬರೆದರು.

ಎರಡನೆಯ ದಿನ ಮಳೆ ಸ್ವಲ್ಪ ತೆಳ್ಳಗಾದಾಗ ಕಾಟಯ್ಯ ರೊಪ್ಪದ ಬಾಗಿಲಲ್ಲಿ ಉಗ್ರಪ್ಪನ ಪಕ್ಕ ಬಂದು ಕೂತ.

"ಒಂದು ದಿನ ತಡ ಆತಲ್ಲ ಉಗ್ರಪ್ಪ."

"ಘಾಟಿ ಹತ್ತಿ ಬರಬೇಕಲ್ಲ ಕಾಟಣ್ಣ."

ಇಬ್ಬರೂ ಹೀಗೆ ಕೂತಿದ್ದಾಗ ಕೆಸರು ತುಳಿದುಕೊಂಡು ಒಂದು ಆಕಾರ ಬಂತು. ಎಮ್ಮೆಯೋ ಮನುಷ್ಯನೋ ಉಗ್ರಪ್ಪನಿಗೆ ತಿಳಿಯಲಿಲ್ಲ. ಅದು ಗಂಟಲು ಸರಿ ಮಾಡಿಕೊಂಡ ಮೇಲೆ ಮರುಳಸಿದ್ದಪ್ಪ ಅಂತ ಗೊತ್ತಾಯಿತು. ಹಾಲುರಾಮೇಶ್ವರದ ಕಡೆಯ ಹಟ್ಟಿಗಳ ಉಣ್ಣೆ ತುಂಬಿಕೊಂಡು ತಾಳ್ಯದ ಕಡೆ ಬರುತ್ತಿದ್ದ ಗಾಡಿ ಎರೆಮಣ್ಣಿನಲ್ಲಿ ಹೂತು, ಉಣ್ಣೆಯೆಲ್ಲ ನೆನೆದು, ಚಿಕ್ಕತಿಮ್ಮಪ್ಪನನ್ನು ಅಲ್ಲೇ ಕಾವಲಿಟ್ಟು ನಡೆದು ಬಂದಿದ್ದ. ಹಣೆಯ ವಿಭೂತಿ ಗಡ್ಡಕ್ಕಿಳಿದಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ಹೇಳಿದ ಬೆಲೆ ಕೊಡುತ್ತೇನೆ, ಮುಂದಿನ ವರ್ಷವೂ ಗಾಡಿ ತಿರುಗಿಸುತ್ತೇನೆ, ಒಂದು ಕಂಬಳಿ ಕೊಡಪ್ಪ ಅಂದ.

"ಅರವತ್ತೂ ಕುರಿ ಮೈಮೇಲವೆ ಸಾವ್ಕಾರ್ರೆ" ಅಂದ ಉಗ್ರಪ್ಪ. "ಒಳಗೆ ಹೋಗ್ರಿ. ಯಾವ ಕುರಿ ಕೊಡ್ತದೋ ಕೇಳಿ ಇಸ್ಕಳ್ರಿ."

ಮರುಳಸಿದ್ದಪ್ಪ ಕಾಟಯ್ಯನ ಮುಖ ನೋಡಿದ. ಕಾಟಯ್ಯ ಮಳೆ ನೋಡುತ್ತಿದ್ದ. ಸಾವುಕಾರ ಬಗ್ಗಿ ರೊಪ್ಪದೊಳಗೆ ಹೋದ. ಸ್ವಲ್ಪ ಹೊತ್ತು ಕುರಿಗಳು ಗಜಿಬಿಜಿ ಅಂದವು, ಆಮೇಲೆ ಎಲ್ಲ ತಣ್ಣಗಾಯಿತು.

ಸಂಜೆ ಕಾಟಯ್ಯ ಎಂದಿನ ಹಾಗೆ, ಎಲ್ಲ ಅವೆಯಾ ಅಂತ ಕೇಳಿದ. ಉಗ್ರಪ್ಪ ಕಣ್ಣು ಮುಚ್ಚಿಕೊಂಡು, ರೊಪ್ಪದ ಕಡೆ ಕಿವಿ ಕೊಟ್ಟು, ಎಂದಿಗಿಂತ ನಿಧಾನವಾಗಿ ಎಣಿಸಿದ.

"ಎಲ್ಲ ಅವೆ ಕಾಟಣ್ಣ. ಒಂದು ಜಾಸ್ತಿ ಐತೆ."